ಪದಚರ್ಚೆ: ‘ಸದುತ್ತರ’ ಅಂದರೆ ಬೇಡಿದ್ದು ಸಿಕ್ಕಿತು ಅಂತಲೇ?

ಗೆಳೆಯರಿಗೆಲ್ಲ ನಮಸ್ಕಾರ.

‘ಸದುತ್ತರ’ ಎಂಬ ಪದದ ಬಗ್ಗೆ ನಿಮ್ಮ ನೆರವು ಬೇಕು. ನಮ್ಮ ಚರ್ಚಿನ ಸಭೆಯ ಯುವಕ ಯುವತಿಯರಿಗಾಗಿ ಪ್ರಾರ್ಥನೆ ಕುರಿತು ಒಂದು ಕಿರುಪುಸ್ತಕ ಸಿದ್ಧವಾಗುತ್ತಿದೆ. ಕರಡು ತಿದ್ದುವ ಕೆಲಸ ನನ್ನ ಪಾಲಿಗೆ ಬಂದಿದೆ. ಅದರ ಒಂದು ಅಧ್ಯಾಯಕ್ಕೆ ‘ದೇವರು ಎಲ್ಲ ಪ್ರಾರ್ಥನೆಗೂ ಸದುತ್ತರ ಕೊಡುತ್ತಾನೆಯೇ?’ ಎಂದು ತಲೆಬರಹ. ಹೌದು, ಕೊಟ್ಟೇ ಕೊಡುತ್ತಾನೆ ಅಂತ ಕೆಲವರು. ಹಾಗೆ ಬರೆದರೆ ಓದುವವರಿಗೆ ಸುಳ್ಳು ಭರವಸೆ ಕೊಟ್ಟಂತೆ ಅಂತ ಇನ್ನು ಕೆಲವರು. ಕೇಳುತ್ತಾ ಕೂತ ನನಗೆ, ಎರಡು ಕಡೆಯವರೂ ಒಂದೇ ಪದದಲ್ಲಿ ಬೇರೆ ಬೇರೆ ಅರ್ಥ ಇಟ್ಟುಕೊಂಡು ಮಾತಾಡುತ್ತಿದ್ದಾರೆ ಅನ್ನಿಸಿತು.

ಕ್ರೈಸ್ತ ವಲಯದ ಪರಿಚಯ ಇಲ್ಲದವರಿಗಾಗಿ ಸ್ವಲ್ಪ ಹಿನ್ನೆಲೆ. ಬೆಂಗಳೂರಿನಲ್ಲಿ ಕನ್ನಡದಲ್ಲಿ ಆರಾಧನೆ ನಡೆಸುವ ಸಭೆ ಯಾವುದೇ ಇರಲಿ, ಕಾರ್ಪೊರೇಷನ್ ಹತ್ತಿರದ ಹಡ್ಸನ್ ಚರ್ಚು, ಅವೆನ್ಯೂ ರಸ್ತೆಯ ರೈಸ್ ಚರ್ಚಿನಂಥ ಹಳಬರಿಂದ ಹಿಡಿದು ಯಾರದೋ ಮನೆಯ ಮಹಡಿ ಮೇಲೆ ಸೇರುವ ಪುಟ್ಟ ಗುಂಪಿನವರೆಗೆ, ‘ಸದುತ್ತರ’ ದಿನಬಳಕೆಯ ಮಾತು. ಶಾಲೆ ಮೆಟ್ಟಿಲು ಹತ್ತದ ಅಜ್ಜಿಯರ ಬಾಯಲ್ಲೂ ಈ ಸಂಸ್ಕೃತ ಪದ ಸಲೀಸಾಗಿ ಬರುತ್ತದೆ. ಅದು ಬಂದಿರುವುದು ಬೈಬಲಿನ ಕೀರ್ತನೆಗಳಿಂದ. 4ನೇ ಕೀರ್ತನೆಯ ಮೊದಲ ವಚನದಲ್ಲೇ ದಾವೀದ ಮೊರೆಯಿಟ್ಟು ಸದುತ್ತರ ದಯಪಾಲಿಸು ಎಂದು ಬೇಡುತ್ತಾನೆ. ಅಲ್ಲಿ ಹೀಬ್ರೂ ಮೂಲದಲ್ಲಿರುವ ಕ್ರಿಯಾಪದ ‘ಅನಾ’. ಕರೆದಾಗ ಓಗೊಡುವುದು, ಮಾತಿಗೆ ಮರುಮಾತಾಡುವುದು ಅಂತಷ್ಟೇ ಅದರ ಅರ್ಥ. ಆ ಮರುಮಾತು ಒಳ್ಳೆಯದೋ ಅಲ್ಲವೋ ಎಂಬುದು ಪದದಲ್ಲಿಲ್ಲ. ‘ಸತ್’ ಅನ್ನುವುದನ್ನು ಸೇರಿಸಿದ್ದು ಕನ್ನಡ. ದೇವರ ಬಾಯಿಂದ ಬರುವ ಉತ್ತರಕ್ಕೆ ಬರೀ ‘ಉತ್ತರ’ ಅಂದರೆ ಗೌರವ ಸಾಲದು ಎಂದು ಅನುವಾದಕರಿಗೆ ಅನ್ನಿಸಿರಬಹುದು. ನನಗೇನೋ ಆ ಆಯ್ಕೆ ಬಹಳ ಸೊಗಸಾಗಿ ಕಾಣುತ್ತದೆ. ತೊಡಕು ಶುರುವಾಗುವುದು ಮುಂದೆ.

ಸಭೆಯ ಹೊರಗಿನ ಕನ್ನಡದಲ್ಲಿ ಸದುತ್ತರ ಅಂದರೆ ಅನುಕೂಲವಾದ ಉತ್ತರ. ಗಂಡಿನ ಕಡೆಯವರಿಗೆ ಪತ್ರ ಬರೆದು ‘ನಿಮ್ಮ ಸದುತ್ತರದ ನಿರೀಕ್ಷೆಯಲ್ಲಿ’ ಎಂದು ಮುಗಿಸಿದರೆ, ಒಪ್ಪಿಗೆ ಬರಲಿ ಅಂತಲೇ ಅರ್ಥ. ಈ ಅರ್ಥ ಈಗ ಸಭೆಯ ಒಳಗೂ ಬಂದು ಕೂತಿದೆ. ಇದು ಬರೀ ನಿಘಂಟಿನ ವಿಷಯವಾಗಿದ್ದರೆ ನಾನು ಇಷ್ಟು ಬರೆಯುತ್ತಿರಲಿಲ್ಲ.

ಕೆಲವು ತಿಂಗಳ ಹಿಂದೆ ಒಂದು ಮನೆಪ್ರಾರ್ಥನೆ. ಹಾಡು ಮುಗಿದು ಸಾಕ್ಷಿ ಹೇಳುವ, ಅಂದರೆ ದೇವರು ತಮಗೆ ಮಾಡಿದ್ದನ್ನು ಎಲ್ಲರೆದುರು ಹೇಳಿಕೊಳ್ಳುವ ಹೊತ್ತು. ಒಬ್ಬ ಸಹೋದರರು ಎದ್ದು, ‘ಮಗನ ಕೆಲಸಕ್ಕಾಗಿ ನೀವೆಲ್ಲ ಪ್ರಾರ್ಥನೆ ಮಾಡಿದ್ರಿ, ಕರ್ತನು ಸದುತ್ತರ ಕೊಟ್ಟಿದ್ದಾನೆ’ ಅಂದರು. ಎಲ್ಲರೂ ‘ಸ್ತೋತ್ರ’ ಅಂದೆವು. ಅವರ ಪಕ್ಕದ ಚಾಪೆಯಲ್ಲಿ, ತಲೆ ಮೇಲೆ ಸೆರಗು ಹೊದ್ದು, ಮುಚ್ಚಿದ ಬೈಬಲಿನ ಹಾಳೆಗಳ ನಡುವೆ ಬೆರಳಿಟ್ಟುಕೊಂಡು ಒಬ್ಬ ತಾಯಿ ಕೂತಿದ್ದರು. ಅವರ ಯಜಮಾನರಿಗೆ ಡಯಾಲಿಸಿಸ್ ನಡೆಯುತ್ತಿದ್ದಾಗ ಇದೇ ಗುಂಪು ಉಪವಾಸ ಪ್ರಾರ್ಥನೆ ಮಾಡಿತ್ತು. ಅವರು ಉಳಿಯಲಿಲ್ಲ. ಸರದಿ ಬಂದಾಗ ಆ ತಾಯಿ, ‘ನಮಗೆ ಸದುತ್ತರ ಸಿಗಲಿಲ್ಲ’ ಅಂದರು. ಹಿರಿಯರೊಬ್ಬರು ಮೆಲ್ಲಗೆ, ‘ಹಾಗನ್ನಬಾರದಮ್ಮಾ, ಅದೂ ಸದುತ್ತರವೇ’ ಅಂದರು. ಆಕೆ ಆ ಸಹೋದರರ ಕಡೆ ಕೈ ತೋರಿಸಿ, ‘ಹಂಗಾದ್ರೆ ಅಣ್ಣನಿಗೆ ಸಿಕ್ಕಿದ್ದೇನು?’ ಅಂತ ಕೇಳಿದರು. ಯಾರೂ ಮಾತಾಡಲಿಲ್ಲ.

ಆ ಪ್ರಶ್ನೆಯಲ್ಲಿ ತಪ್ಪಿಲ್ಲ. ಒಬ್ಬರ ಮನೆಯಲ್ಲಿ ‘ಬೇಡಿದ್ದು ಸಿಕ್ಕಿತು’ ಅಂತಲೂ, ಇನ್ನೊಬ್ಬರ ಮನೆಯಲ್ಲಿ ‘ಸಿಗಲಿಲ್ಲ, ಆದರೂ ಸಮಾಧಾನ ಮಾಡಿಕೋ’ ಅಂತಲೂ ಒಂದೇ ಪದಕ್ಕೆ ಅರ್ಥ ಹೇಳಿದರೆ ಅದನ್ನು ನಂಬುವುದು ಹೇಗೆ?

ಗೊಂದಲದ ಬೇರು ಇನ್ನೂ ಕೆಳಗೆ, ನಮ್ಮ ‘ಕೇಳು’ ಎಂಬ ಕ್ರಿಯಾಪದದಲ್ಲಿದೆ ಅಂತ ನನ್ನ ಅನಿಸಿಕೆ. ನಾನು ದೇವರನ್ನು ಕೇಳಿದೆ, ದೇವರು ಕೇಳಿದ: ಬೇಡುವವರಿಗೂ ಆಲಿಸುವವರಿಗೂ ಕನ್ನಡ ಒಂದೇ ಮಾತನ್ನು ಕೊಟ್ಟಿದೆ. ಪ್ರಾರ್ಥನೆಯ ಎರಡು ತುದಿಯೂ ಒಂದೇ ಧಾತುವಿನಲ್ಲಿ! ಆದರೆ ಅದೇ ‘ಕೇಳು’ವಿಗೆ ಮೂರನೆಯ ಅರ್ಥವೂ ಇದೆ. ‘ನನ್ನ ಮಗ ಮಾತು ಕೇಳಲ್ಲ’ ಅಂದಾಗ ಅವನಿಗೆ ಕಿವಿ ಕೇಳಿಸುವುದಿಲ್ಲ ಅಂತಲ್ಲ, ಹೇಳಿದಂತೆ ನಡೆಯುವುದಿಲ್ಲ ಅಂತ. ‘ದೇವರು ನನ್ನ ಪ್ರಾರ್ಥನೆ ಕೇಳಲಿಲ್ಲ’ ಅನ್ನುವಾಗ ಈ ಮೂರನೆಯ ಅರ್ಥ ನಮಗೇ ಗೊತ್ತಿಲ್ಲದಂತೆ ನುಸುಳುತ್ತದೆ. ಹೇಳಿದ್ದನ್ನು ಮಾಡದವನು ಕೇಳಿಸಿಕೊಂಡೂ ಇಲ್ಲ ಎಂಬ ತೀರ್ಮಾನಕ್ಕೆ ಭಾಷೆಯೇ ನಮ್ಮನ್ನು ತಂದು ನಿಲ್ಲಿಸುತ್ತದೆ.

ಬೈಬಲ್ ಈ ಎರಡನ್ನೂ ಎಷ್ಟು ದೂರ ಇಡುತ್ತದೆ ಅನ್ನುವುದಕ್ಕೆ ಇಬ್ರಿಯರಿಗೆ ಬರೆದ ಪತ್ರಿಕೆಯ 5ನೇ ಅಧ್ಯಾಯದ 7ನೇ ವಚನ ನೋಡಬೇಕು. ಯೇಸು ತನ್ನನ್ನು ಮರಣದಿಂದ ಬಿಡಿಸಬಲ್ಲವನಿಗೆ ಕಣ್ಣೀರಿಟ್ಟು ಮೊರೆಯಿಟ್ಟ, ಆ ಮೊರೆ ಕೇಳಲ್ಪಟ್ಟಿತು ಎಂದು ಅಲ್ಲಿದೆ. ಗೆತ್ಸೇಮನೆ ತೋಟದಲ್ಲಿ ‘ಸಾಧ್ಯವಾದರೆ ಈ ಪಾತ್ರೆ ನನ್ನನ್ನು ಬಿಟ್ಟುಹೋಗಲಿ’ ಎಂದು ಅಂಗಲಾಚಿದ ರಾತ್ರಿಯೇ ಈ ವಚನ ಓದಿದಾಗ ಅನೇಕರಿಗೆ ನೆನಪಾಗುವುದು. ಪಾತ್ರೆ, ಅಂದರೆ ಬರಲಿದ್ದ ಸಂಕಟ, ಬಿಟ್ಟುಹೋಗಲಿಲ್ಲ. ಮರುದಿನ ಶಿಲುಬೆಗೆ ಹಾಕಿದರು. ಆದರೂ ‘ಕೇಳಲ್ಪಟ್ಟಿತು’ ಎಂದು ಬರೆಯಲು ಆ ಪತ್ರದವನಿಗೆ ಅಳುಕಾಗಲಿಲ್ಲ. ಮರಣ ತಪ್ಪಲಿಲ್ಲ, ಮೂರನೆಯ ದಿನ ಮರಣದೊಳಗಿಂದಲೇ ಎಬ್ಬಿಸಲಾಯಿತು ಎಂಬ ನಂಬಿಕೆ ಅದರ ಹಿಂದಿದೆ. ಪೌಲನದೂ ಇದೇ ಕಥೆ. ಶರೀರದಲ್ಲಿ ನಾಟಿದ ಒಂದು ಶೂಲ ತೊಲಗಲಿ ಎಂದು ಮೂರು ಸಲ ಬೇಡಿದೆ ಎನ್ನುತ್ತಾನೆ (ಕೊರಿಂಥದವರಿಗೆ ಬರೆದ ಎರಡನೆಯ ಪತ್ರಿಕೆ, 12ನೇ ಅಧ್ಯಾಯ). ಬಂದ ಉತ್ತರ ‘ನನ್ನ ಕೃಪೆಯೇ ನಿನಗೆ ಸಾಕು’ ಎಂಬುದು. ಶೂಲ ಅಲ್ಲೇ ಉಳಿಯಿತು. ಇದು ಉತ್ತರ ಹೌದು, ಅದರಲ್ಲಿ ಅನುಮಾನವೇ ಇಲ್ಲ. ಸದುತ್ತರವೇ? ನನ್ನ ಪ್ರಶ್ನೆಯ ತಿರುಳು ಇದು.

ಸಮಿತಿಯಲ್ಲಿ ಎದುರು ವಾದವೂ ಬಂತು, ಅದನ್ನೂ ಹೇಳಬೇಕು. ಮತ್ತಾಯನ ಸುವಾರ್ತೆಯ 7ನೇ ಅಧ್ಯಾಯದಲ್ಲಿ ಬೇಡಿಕೊಳ್ಳಿರಿ, ಹುಡುಕಿರಿ, ತಟ್ಟಿರಿ ಅಂತ ಯೇಸುವೇ ಹೇಳಿದ್ದಾನಲ್ಲ, ಅಲ್ಲಿ ಷರತ್ತು ಎಲ್ಲಿದೆ? ಗ್ರೀಕ್ ಮೂಲದಲ್ಲಿ ಆ ಕ್ರಿಯಾಪದಗಳು ನಡೆಯುತ್ತಲೇ ಇರುವ ಕ್ರಿಯೆಯನ್ನು ಹೇಳುತ್ತವೆ: ಬೇಡುತ್ತಿರಿ, ಹುಡುಕುತ್ತಿರಿ, ತಟ್ಟುತ್ತಿರಿ. ಲೂಕನ ಸುವಾರ್ತೆಯ 18ನೇ ಅಧ್ಯಾಯದಲ್ಲಿ ನ್ಯಾಯಾಧಿಪತಿಯ ಬೆನ್ನು ಬಿಡದ ವಿಧವೆಯ ಸಾಮ್ಯವೂ, ಅಂದರೆ ದೃಷ್ಟಾಂತ ಕಥೆಯೂ, ಇದನ್ನೇ ಹೇಳುತ್ತದೆ. ಕೇಳುವುದು ಸಣ್ಣತನವಲ್ಲ, ಪದೇ ಪದೇ ಕೇಳುವುದೂ ಅಪನಂಬಿಕೆಯಲ್ಲ. ಇದರಲ್ಲಿ ನಾನು ಅವರ ಕಡೆಗೇ. ‘ಎಲ್ಲ ದೇವರಿಗೆ ಗೊತ್ತು, ಕೇಳೋದೇಕೆ’ ಎಂದು ಪ್ರಾರ್ಥನೆಯನ್ನು ಒಣಗಿಸುವವರಿಗಿಂತ, ಮಗುವಿನ ಜ್ವರ ಇಳಿಯಲಿ ಎಂದು ಬಸ್ಸಿನ ಕಂಬಿ ಹಿಡಿದು ನಿಂತಲ್ಲೇ ತುಟಿ ಅಲ್ಲಾಡಿಸುವ ತಾಯಿ ಸರಿಯಾಗಿ ಕಲಿತಿದ್ದಾಳೆ. ಕೋಣೆಗೆ ಹೋಗಿ ಬಾಗಿಲು ಮುಚ್ಚಿಕೊಂಡು ಪ್ರಾರ್ಥಿಸು ಎಂಬ ಮತ್ತಾಯನ 6ನೇ ಅಧ್ಯಾಯದ ಮಾತನ್ನು ಒಂದೇ ಕೋಣೆಯ ಮನೆಯವರು ಪಾಲಿಸುವುದು ಹೀಗೆಯೇ.

ಇನ್ನು ‘ಯೇಸುವಿನ ಹೆಸರಿನಲ್ಲಿ ಬೇಡಿಕೊಳ್ಳುತ್ತೇವೆ ತಂದೆಯೇ, ಆಮೆನ್’ ಎಂಬ ಮುಕ್ತಾಯ. ಅದನ್ನು ಮಂತ್ರದ ಹಾಗೆ ಹಿಡಿಯುವವರಿದ್ದಾರೆ. ಅಪ್ಪನ ಹೆಸರು ಹೇಳಿ ಶೆಟ್ಟರ ಅಂಗಡಿಯಲ್ಲಿ ಸಾಮಾನು ತರುವ ಹುಡುಗ ಅಪ್ಪ ಒಪ್ಪುವುದನ್ನಷ್ಟೇ ತರಬಹುದು. ಹೆಸರಿನಲ್ಲಿ ಬೇಡುವುದಕ್ಕೂ ಅಷ್ಟೇ ಬಲ, ಅಷ್ಟೇ ಮಿತಿ. ಯೋಹಾನನ ಮೊದಲನೆಯ ಪತ್ರಿಕೆ ಇದನ್ನು ನೇರವಾಗಿಯೇ ಹೇಳುತ್ತದೆ: ದೇವರ ಚಿತ್ತಾನುಸಾರ ಬೇಡಿದರೆ ಆತನು ಕಿವಿಗೊಡುತ್ತಾನೆ. ಯೇಸು ಕಲಿಸಿದ ಪ್ರಾರ್ಥನೆಯಲ್ಲೂ ಅನುದಿನದ ಆಹಾರ ಕೇಳುವ ಮೊದಲೇ ‘ನಿನ್ನ ಚಿತ್ತ’ ಬಂದುಬಿಟ್ಟಿರುತ್ತದೆ.

ಒಂದು ಮಾತನ್ನಂತೂ ಪುಸ್ತಕದಲ್ಲಿ ಬರಗೊಡುವುದಿಲ್ಲ ಎಂದು ಪಟ್ಟು ಹಿಡಿದಿದ್ದೇನೆ: ‘ನಂಬಿಕೆ ಸಾಲದ್ದರಿಂದ ಸದುತ್ತರ ಸಿಗಲಿಲ್ಲ’. ಸುಖಭೋಗಕ್ಕಾಗಿ ಬೇಡುವವರನ್ನು ಯಾಕೋಬನು ಗದರಿಸುವ ವಚನವನ್ನು ತಂದು ಗಂಡನನ್ನು ಕಳೆದುಕೊಂಡವಳ ಮುಂದೆ ಓದುವುದು ಕ್ರೌರ್ಯ. ಹುಟ್ಟುಕುರುಡನನ್ನು ಕಂಡು ಶಿಷ್ಯರು ‘ಯಾರು ಮಾಡಿದ ಪಾಪ?’ ಎಂದಾಗ ಇವನೂ ಅಲ್ಲ, ಇವನ ತಂದೆತಾಯಿಗಳೂ ಅಲ್ಲ ಎಂದ ಯೇಸುವಿನ ಮಾತು ಅದೇ ಬೈಬಲಿನಲ್ಲಿದೆ.

ಪದಕ್ಕೆ ಬರುತ್ತೇನೆ. ಕಥೋಲಿಕ ಗೆಳೆಯರ ಬಳಕೆಯಿಂದ ನಾವು ಕಲಿಯಬಹುದೇನೋ. ವಿವೇಕನಗರದ ಬಾಲಯೇಸು ದೇವಾಲಯಕ್ಕೆ ಗುರುವಾರ ಹೋಗಿಬರುವವರು ‘ಕೋರಿಕೆ ಈಡೇರಿತು’, ‘ಇನ್ನೂ ಈಡೇರಿಲ್ಲ’ ಅನ್ನುತ್ತಾರೆ. ಈಡೇರುವುದು ಕೋರಿಕೆಯ ಮಾತು, ದೇವರು ಕೇಳಿದನೋ ಇಲ್ಲವೋ ಎಂಬ ತೀರ್ಪು ಅದರಲ್ಲಿಲ್ಲ. ಹಾಗಾಗಿ ನನ್ನ ಸಲಹೆ: ಬೇಡಿದ್ದು ಸಿಕ್ಕಾಗ ‘ಕೋರಿಕೆ ಈಡೇರಿತು’ ಅನ್ನೋಣ, ದೇವರು ಆಲಿಸುತ್ತಾನೆ ಅನ್ನುವ ಕಡೆ ‘ಕಿವಿಗೊಡು’ ಬಳಸೋಣ, ಅದರಲ್ಲಿ ‘ಹೇಳಿದಂತೆ ನಡೆ’ ಎಂಬ ಅರ್ಥ ‘ಕೇಳು’ವಿನಷ್ಟು ಅಂಟಿಲ್ಲ. ‘ಸದುತ್ತರ’ವನ್ನು ಕೀರ್ತನೆಯ ಅರ್ಥಕ್ಕೇ ಬಿಡೋಣ, ಅಂದರೆ ದೇವರು ನಮ್ಮ ಕಡೆ ಮುಖ ತಿರುಗಿಸಿ ಕೊಡುವ ಯಾವುದೇ ಮರುನುಡಿಗೆ. ಆ ತಾಯಿ ‘ನಮ್ಮ ಕೋರಿಕೆ ಈಡೇರಲಿಲ್ಲ’ ಎಂದು ಎಲ್ಲರೆದುರು ಹೇಳಿ ಅಳಲು ಜಾಗ ಇರಬೇಕು. 22ನೇ ಕೀರ್ತನೆಯವನು ಅತ್ತಿದ್ದು ಇನ್ನೂ ಗಟ್ಟಿಯಾಗಿ.

ನಿಮ್ಮಿಂದ ತಿಳಿಯಬೇಕಾದದ್ದು ಎರಡು. ನಿಮ್ಮ ಊರುಗಳ ಕಡೆ ಮಾತಿನಲ್ಲಾಗಲಿ ಹಳೆಯ ಪತ್ರಗಳಲ್ಲಾಗಲಿ, ‘ಇಲ್ಲ’ ಎಂಬ ಉತ್ತರವನ್ನೂ ಒಳಗೊಂಡಂತೆ ‘ಸದುತ್ತರ’ ಬಳಕೆಯಾದದ್ದು ಕಂಡಿದ್ದೀರಾ? ಎರಡನೆಯದು, ದೇವಸ್ಥಾನಗಳಲ್ಲಿ ಹೂವಿನ ಪ್ರಸಾದ ಕೇಳುವ ಪದ್ಧತಿ ಬಲ್ಲವರಿಗೆ. ಬಲಗಡೆ ಹೂ ಬಿದ್ದರೆ ಅಪ್ಪಣೆಯಾಯಿತು ಅನ್ನುತ್ತೀರಿ. ಎಡಗಡೆ ಬಿದ್ದಾಗ ದೇವರು ಮಾತಾಡಲಿಲ್ಲ ಅಂತ ಯಾರೂ ಅಂದುಕೊಳ್ಳುವುದಿಲ್ಲ, ಅದನ್ನೂ ಉತ್ತರವೆಂದೇ ತಲೆಬಾಗಿ ತೆಗೆದುಕೊಳ್ಳುತ್ತಾರೆ. ಆ ಎಡಗಡೆಯ ಹೂವಿಗೆ ನಿಮ್ಮ ಮನೆಗಳಲ್ಲಿ ಏನನ್ನುತ್ತೀರಿ? ಅದನ್ನೂ ‘ಪ್ರಸಾದ’ ಅಂತಲೇ ಕರೆಯುತ್ತೀರಾ, ಬೇರೆ ಹೆಸರಿದೆಯೇ? ಕರಡು ಅಚ್ಚಿಗೆ ಹೋಗಲು ಇನ್ನೂ ಸಮಯವಿದೆ. ಊರು, ಸೀಮೆ ಸೇರಿಸಿ ಬರೆದರೆ ಉಪಕಾರವಾಗುತ್ತದೆ.