ಪೋಸ್ಟ್ ಆಗಬಾರದ ಕಾಗದ

ಭಾನುವಾರ ಬೆಳಿಗ್ಗೆ ಬೆಂಗಳೂರಿನ ಗಾಂಧಿ ಬಜಾರಿನಲ್ಲಿ ವಿದ್ಯಾರ್ಥಿ ಭವನ ಹೋಟೆಲಿನ ಮುಂದೆ ಹೆಸರು ಬರೆಸಿ ನಿಂತಿದ್ದೆವು. ನಾನು, ಪದ್ಮ, ಸುಮಾ, ರಘು. ಒಂದೇ ಕಾಲೇಜಿನವರು. ಈಗ ನಾಲ್ವರಿಗೂ ಓದುವ ಕನ್ನಡಕ. ಅವತ್ತು ಪದ್ಮಳ ಕಣ್ಣು ಮಾತ್ರ ಟೊಮೆಟೊ ಹಣ್ಣಿನ ಹಾಗಿತ್ತು.

"ರಾತ್ರಿ ಎರಡು ಗಂಟೆವರೆಗೆ ಲವ್ ಸ್ಟೋರಿ ಓದಿದೆ ಕಣೇ. ಮಗಳ ಪುಸ್ತಕ. ಏನು ಓದುತ್ತಾಳೋ ನೋಡೋಣ ಅಂತ ಸುಮ್ನೆ ತೆಗೆದೆ."

ಇಸ್ಪೀಟ್ ಅಡ್ಡೆ ಹಿಡಿಯಲು ಹೋದ ಇನ್‌ಸ್ಪೆಕ್ಟರು ತಾವೇ ಎಲೆ ಹಾಕಿಸಿಕೊಂಡು ಕೂತ ಹಾಗೆ.

ಪುಸ್ತಕ ಜೆನ್ನಿ ಹಾನ್ ಬರೆದ 'ಟು ಆಲ್ ದ ಬಾಯ್ಸ್ ಐವ್ ಲವ್ಡ್ ಬಿಫೋರ್'. 2014ರದು. ನಾನು ಮೊದಲೇ ಓದಿದ್ದೆ. ನನಗೆ ತನಿಖೆಯ ನೆಪವೂ ಇರಲಿಲ್ಲ. ಲಾರಾ ಜೀನ್ ಅಂತ 16ರ ಹುಡುಗಿ. ಯಾರ ಮೇಲಾದರೂ ಮನಸ್ಸಾದರೆ ಅವನಿಗೊಂದು ಕಾಗದ ಬರೆದು ಟೋಪಿ ಡಬ್ಬಿಯಲ್ಲಿ ಬಚ್ಚಿಡುತ್ತಾಳೆ. ಕಳಿಸುವುದಕ್ಕಲ್ಲ, ಆ ಹುಚ್ಚು ಬಿಡಿಸಿಕೊಳ್ಳುವುದಕ್ಕೆ. ಅಂಥವು ಐದು. ಒಂದು ದಿನ ಐದೂ ಪೋಸ್ಟ್ ಆಗಿಬಿಡುತ್ತವೆ.

"ಕಳಿಸದ ಕಾಗದಕ್ಕೆ ವಿಳಾಸ ಯಾಕೆ ಬರೆದಳು?" ರಘು ಕೇಳಿದ. ಬ್ಯಾಂಕಿನಲ್ಲಿ ಆಡಿಟ್ ಮಾಡಿ ರಿಟೈರ್ ಆದವನು.

"ಅಮೆರಿಕ ಕಣೋ, ಅದಕ್ಕೇ ತಲುಪಿತು," ಎಂದಳು ಸುಮಾ. "ನಮ್ಮ ಜಯನಗರದ ಹುಡುಗನಾಗಿದ್ದರೆ? 4ನೇ ಬ್ಲಾಕೇ ಬೇರೆ, 4ನೇ ಟಿ ಬ್ಲಾಕೇ ಬೇರೆ. ಯಾವುದೋ ಕ್ರಾಸಿನ ಅಂಕಲ್ ಕೈಗೆ ಸಿಕ್ಕಿ ಅವರ ಮನೆಯಲ್ಲಿ ರಾಮಾಯಣ."

"1972ರಿಂದ ಪಿನ್‌ಕೋಡ್ ಇದೆಯಲ್ಲ."

"ಪಿನ್‌ಕೋಡ್ ಬಡಾವಣೆ ತನಕ ಬರುತ್ತೆ. ಹುಡುಗನ ತನಕ ಬರಲ್ಲ."

ಒಂದು ಕಾಗದ ಅಕ್ಕ ಬಿಟ್ಟುಹೋದ ಹುಡುಗ ಜಾಶ್‌ಗೆ. ಪಕ್ಕದ ಮನೆಯವನೇ. ಮಾನ ಉಳಿಸಿಕೊಳ್ಳಲು ಲಾರಾ ಜೀನ್, ಪೀಟರ್ ಅನ್ನುವವನ ಜೊತೆ ಲವ್ ಮಾಡುವ ನಾಟಕ ಹೂಡುತ್ತಾಳೆ. ಅವನಿಗೂ ಹಳೇ ಹುಡುಗಿಯ ಹೊಟ್ಟೆ ಉರಿಸಬೇಕು. ಇಬ್ಬರೂ ಕರಾರು ಬರೆದುಕೊಳ್ಳುತ್ತಾರೆ.

"ಸ್ಟಾಂಪ್ ಪೇಪರ್ ಮೇಲೋ?" ಎಂದ ರಘು. "ಸಾಕ್ಷಿ ಯಾರು?"

"ನೀನು ಮದುವೆ ದಿನ ಛತ್ರದ ರಸೀದಿ ಎಣಿಸುತ್ತಿದ್ದವನು. ಸುಮ್ನಿರು."

ಸುಳ್ಳು ಪ್ರೀತಿ ನಿಜವಾಗುತ್ತೆ ಅಂತ ಯಾರಿಗೆ ಗೊತ್ತಿಲ್ಲ? ನಮ್ಮ ಸಿನಿಮಾಗಳಲ್ಲಿ ಇಂಟರ್‌ವಲ್‌ಗೂ ಮೊದಲೇ ಗೊತ್ತಾಗಿರುತ್ತೆ. ನನಗೆ ಹಿಡಿಸಿದ್ದು ಹುಡುಗರಲ್ಲ, ಆ ಮನೆ. ತಾಯಿಯಿಲ್ಲದ ಮೂವರು ಹುಡುಗಿಯರು. ಮನೆ ನಿಭಾಯಿಸುತ್ತಿದ್ದ ಅಕ್ಕ ಓದಲು ಸ್ಕಾಟ್‌ಲೆಂಡಿಗೆ ಹೊರಡುತ್ತಾಳೆ. ಆ ಜಾಗದಲ್ಲಿ ನಿಲ್ಲಲು ಹೋಗಿ ಇವಳು ಒದ್ದಾಡುತ್ತಾಳೆ. ಕಾರ್ ಓಡಿಸೋಕೂ ಭಯ. (ನಮ್ಮ ಸಿಲ್ಕ್ ಬೋರ್ಡ್ ಟ್ರಾಫಿಕ್ ನೋಡದೆಯೇ ಈ ಭಯ!) ಪೀಟರ್ ನನಗೆ ಸ್ವಲ್ಪ ಜಾಸ್ತಿ ಸಿಹಿ. ಜಾಮೂನಿನ ಪಾಕ ಕುಡಿದ ಹಾಗೆ.

"ಅದಿರಲಿ, ಪೋಸ್ಟ್ ಮಾಡಿದ್ದು ಯಾರು?" ರಘು ಬಿಡಲಿಲ್ಲ.

"ಹೇಳಬೇಡ! ನಾನಿನ್ನೂ ಓದಬೇಕು." ಸುಮಾ ಕಿವಿ ಮುಚ್ಚಿಕೊಂಡಳು.

ಪದ್ಮಳಿಗೆ ತಡೆಯಲಾಗಲಿಲ್ಲ. "ತಂಗಿ ಕಣೋ. ಕಿಟ್ಟಿ. ಸಿಟ್ಟು ಬಂದು ಹಾಕಿಬಿಟ್ಟಳು."

"ಕಿಟ್ಟಿ ಅಂದರೆ ಗಂಡು ಹುಡುಗ ಅಲ್ವಾ? ನಮ್ಮ ಬೀದಿಯಲ್ಲೇ ಮೂವರಿದ್ದರು."

ಕಿವಿ ಮುಚ್ಚಿಕೊಂಡಿದ್ದ ಸುಮಾಳೇ ಮೊದಲು ನಕ್ಕಿದ್ದು.

"ನಿಜ ಹೇಳಿ," ಎಂದಳು ಪದ್ಮ. "ನಿಮ್ಮಲ್ಲಿ ಯಾರೂ ಬರೆದಿಲ್ಲವಾ, ಇಂಥದ್ದೊಂದು?"

ನಾನು ಮೆನು ಬೋರ್ಡ್ ಕಡೆ ನೋಡಿದೆ. ಅದರಲ್ಲಿ ಓದುವಂಥದ್ದೇನೂ ಇರಲಿಲ್ಲ. ಬಾಯಿ ಬಿಟ್ಟವನು ರಘು.

"ಒಂದು ಬರೆದಿದ್ದೆ. ಬಾಡಿಗೆ ಲೈಬ್ರರಿಯಲ್ಲಿ ತ್ರಿವೇಣಿ ಕಾದಂಬರಿಯೊಳಗೆ ಇಟ್ಟೆ. ಅವಳು ಅವತ್ತು ಅದನ್ನೇ ಒಯ್ಯುವುದು ಅಂತ ಗೊತ್ತಿತ್ತು."

ಮೂವರೂ ಹತ್ತಿರ ಸರಿದೆವು. ಆಡಿಟ್ ರಘು!

"ಒಯ್ದಳು. ಆದರೆ ಕಾದಂಬರಿ ಅವಳಿಗಲ್ಲ, ಅವಳ ಅಜ್ಜಿಗೆ. ಒಂದು ವಾರಕ್ಕೆ ಪುಸ್ತಕ ವಾಪಸ್ ಬಂತು. ನನ್ನ ಕಾಗದ ಅದರೊಳಗೇ ಇತ್ತು."

"ಅಜ್ಜಿ ಓದಿಲ್ಲ ಅನ್ನು. ಬಚಾವ್!"

"ಓದಿದ್ದರು. ನಾನು 'ಹೃದಯ'ಕ್ಕೆ ವಟ್ರಸುಳಿ ಹಾಕಿರಲಿಲ್ಲ. ಐದು ಕಡೆ ಕೆಂಪು ಶಾಯಿಯಲ್ಲಿ ತಿದ್ದಿ, ಕೆಳಗೆ ಹತ್ತಕ್ಕೆ ಆರು ಕೊಟ್ಟಿದ್ದರು."

ಅಷ್ಟರಲ್ಲಿ ಒಳಗಿಂದ ನಮ್ಮ ಹೆಸರು ಕೂಗಿದರು. ಪದ್ಮ ಮೆಟ್ಟಿಲು ಹತ್ತುತ್ತಲೇ ಕೇಳಿದಳು, "ಆರು ಯಾಕೋ? ಅಕ್ಷರ ಚೆನ್ನಾಗಿತ್ತಾ?"