ಹೊಲದ ಬದುವಿನಿಂದ ಗೂಡ್ಸ್ ಗಾಡಿ ನೋಡೋಕೆ ಹೊಸ ಮರಿಯನ್ನೂ ಕರೆದುಕೊಂಡು ಹೋಗಲಾ?

ಕೊಪ್ಪಳದ ಬಸು:

ಎಲ್ಲರಿಗೂ ನಮಸ್ಕಾರ. ನಾಯಿ ಸಾಕಿದವರೂ ರೈಲು ನೋಡೋ ಹುಚ್ಚಿನವರೂ ಇಲ್ಲಿದ್ದೀರಿ, ಅದಕ್ಕೇ ಇಲ್ಲಿ ಕೇಳುತ್ತಿದ್ದೇನೆ. ಸ್ವಲ್ಪ ಉದ್ದ ಆಗುತ್ತದೆ.

ನಮ್ಮ ಹೊಲ ಗದಗ–ಹೊಸಪೇಟೆ ಲೈನಿನ ಪಕ್ಕ, ಕೊಪ್ಪಳದಿಂದ ಗಿಣಿಗೇರಿ ಕಡೆಗೆ ಇದೆ. ಬದುವಿಗೂ ಹಳಿಗೂ ನಡುವೆ ಒಂದಿಷ್ಟು ಬೀಳು ಜಾಗ, ಒಂದು ಸಾಲು ಜಾಲಿ. ಬದುವಿನ ಮೇಲಿರುವ ಬೇವಿನ ಮರದ ಕೆಳಗೆ ಕೂತರೆ ಗೋವಾ ಬಂದರಿನಿಂದ ತೋರಣಗಲ್ಲಿಗೆ ಹೋಗುವ ಕಲ್ಲಿದ್ದಲ ಗಾಡಿ, ಖಾಲಿಯಾಗಿ ವಾಪಸ್ ಬರುವ ಗಾಡಿ, ಅದಿರು, ಸಿಮೆಂಟು, ಗೊಬ್ಬರ ಎಲ್ಲ ನೋಡಬಹುದು. ನಮ್ಮ ಮೋತಿ ದಿನಾ ಸಂಜೆ ನನ್ನ ಜೊತೆ ಅಲ್ಲಿಗೆ ಬರುತ್ತಿದ್ದ. ನಾಟಿ ನಾಯಿ, ಬಿಳಿ ಮೈ, ಒಂದು ಕಿವಿ ಮಾತ್ರ ಕಂದು. ಎಕ್ಸ್‌ಪ್ರೆಸ್ ಗಾಡಿ ಹೋದರೆ ತಲೆ ಸಹ ಎತ್ತುತ್ತಿರಲಿಲ್ಲ. ಗೂಡ್ಸ್ ಬಂದರೆ ಮಾತ್ರ ಎದ್ದು ಕೂತು, ಇಂಜಿನ್‌ನಿಂದ ಹಿಡಿದು ಹಿಂದಿನ ಗಾರ್ಡ್ ಡಬ್ಬಿ ತನಕ ಕತ್ತು ತಿರುಗಿಸುತ್ತಾ ನೋಡಿ, ಕೊನೆಗೆ ಒಂದೇ ಒಂದು ಸಲ ಬೊಗಳುತ್ತಿದ್ದ. ಅವನು ಇನ್ನೂ ಚಿಕ್ಕವನಿದ್ದಾಗ, 2011ರಲ್ಲಿ, ಬಳ್ಳಾರಿಯ ಗಣಿಗಳನ್ನು ಸುಪ್ರೀಂ ಕೋರ್ಟ್ ನಿಲ್ಲಿಸಿತಲ್ಲ, ಆಗ ಕೆಂಪು ಅದಿರಿನ ಗಾಡಿಗಳು ತೀರಾ ಕಡಿಮೆ ಆದವು. ಆಗ ಮೋತಿ ಗಾಡಿಗೆ ಕಾಯುತ್ತಾ, ಕತ್ತಲಾದರೂ ಅಲ್ಲಿಂದ ಏಳೋಕೆ ಒಪ್ಪುತ್ತಿರಲಿಲ್ಲ, ಎಳೆದುಕೊಂಡೇ ಬರಬೇಕಿತ್ತು. ಹೋದ ವರ್ಷ ದೀಪಾವಳಿ ಆದ ಮೇಲೆ ತೀರಿಕೊಂಡ. ವಯಸ್ಸಾಗಿತ್ತು, ಕಿಡ್ನಿ ಕೈಕೊಟ್ಟಿತ್ತು. ಆ ಬೇವಿನ ಮರದ ಹತ್ತಿರವೇ ಮಣ್ಣು ಮಾಡಿದೆವು.

ಈಗ ಮನೆಗೆ ಚುಕ್ಕಿ ಬಂದಿದ್ದಾಳೆ. ಮುಧೋಳ ನಾಯಿಯ ಕ್ರಾಸ್, ಐದು ತಿಂಗಳು. ನನಗೆ ಎರಡು ಸಂಶಯ. ಒಂದು, ಇಷ್ಟು ಚಿಕ್ಕ ಮರಿಯನ್ನು ಅಷ್ಟು ದೊಡ್ಡ ಸದ್ದಿನ ಹತ್ತಿರ ಕರೆದುಕೊಂಡು ಹೋಗಬಹುದಾ, ಎಷ್ಟು ದೂರ ಕೂರಿಸಬೇಕು? ಇನ್ನೊಂದು ಹೇಗೆ ಕೇಳಬೇಕೋ ಗೊತ್ತಾಗುತ್ತಿಲ್ಲ. ಮೋತಿ ಕೂರುತ್ತಿದ್ದ ಜಾಗದಲ್ಲೇ ಇವಳನ್ನು ಕೂರಿಸೋಕೆ ನನಗೆ ಮನಸ್ಸು ಬರುತ್ತಿಲ್ಲ, ಕೂರಿಸದೇ ಇರೋಕೂ ಮನಸ್ಸಿಲ್ಲ. ನಿಮ್ಮಲ್ಲಿ ಯಾರಾದರೂ ಹೀಗೆ ಒಂದಾದ ಮೇಲೆ ಒಂದು ಸಾಕಿದವರು ಏನು ಮಾಡಿದಿರಿ?

ಶ್ವಾನಪ್ರಿಯೆ, ಮೈಸೂರು:

ಮೊದಲು ಸದ್ದಿನ ವಿಷಯ ಹೇಳುತ್ತೇನೆ, ನಾನು ನಾಯಿ ತರಬೇತಿ ಕೊಡುವವಳು. ನಮ್ಮ ಕಿವಿಗೆ 20,000 ಹರ್ಟ್ಸ್ ತನಕ ಕೇಳಿದರೆ ನಾಯಿಗೆ ಸುಮಾರು 45,000 ತನಕ ಕೇಳುತ್ತದೆ. ಚಕ್ರ ಹಳಿಗೆ ಉಜ್ಜುವಾಗ, ಬ್ರೇಕ್ ಹಿಡಿಯುವಾಗ ಬರುವ ಕೀರಲು ಸದ್ದಿನಲ್ಲಿ ನಮಗೆ ಕೇಳದ ಭಾಗವೂ ಅದರ ಕಿವಿಗೆ ಬೀಳುತ್ತದೆ. ಹಾಗಾಗಿ ನಿಮಗೆ ಸಹಿಸೋಕೆ ಆಗುವ ದೂರ ಮರಿಗೆ ಸಾಲದೇ ಇರಬಹುದು.

ಇಷ್ಟು ಮೀಟರ್ ಅಂತ ಲೆಕ್ಕ ಇಲ್ಲ ಬಸು ಅವರೇ, ಮರಿಯೇ ಹೇಳುತ್ತದೆ. ಅದಕ್ಕೆ ತುಂಬಾ ಇಷ್ಟವಾದ ತಿಂಡಿ ಜೇಬಿನಲ್ಲಿ ಇಟ್ಟುಕೊಳ್ಳಿ, ಬೇಯಿಸಿದ ಮೊಟ್ಟೆಯೋ ಚಿಕನ್ ಚೂರೋ. ಗಾಡಿ ಹೋಗುವಾಗ ಕೊಡಿ. ತಿಂದರೆ ಆ ದೂರ ಪರವಾಗಿಲ್ಲ. ತಿನ್ನದೆ ಮುಖ ತಿರುಗಿಸಿದರೆ, ಸುಮ್ಮಸುಮ್ಮನೆ ಆಕಳಿಸಿದರೆ, ತುಟಿ ನೆಕ್ಕಿಕೊಂಡರೆ, ಕಿವಿ ಹಿಂದಕ್ಕೆ ಮಡಚಿ ಬಾಲ ಕಾಲ ಸಂದಿಗೆ ಎಳೆದುಕೊಂಡರೆ ಹೆದರಿದೆ ಅಂತಲೇ ಅರ್ಥ. ಆಗ ಹೊಲದ ಆ ತುದಿಗೆ ಹೋಗಿ ಅಲ್ಲಿಂದ ಶುರು ಮಾಡಿ. ದಿನಕ್ಕೆ ಒಂದು ಗಾಡಿ ಸಾಕು. ದಯವಿಟ್ಟು "ರೂಢಿ ಆಗುತ್ತದೆ ಬಿಡು" ಅಂತ ಹಿಡಿದು ಕೂರಿಸಬೇಡಿ. ಹಾಗೆ ಹಿಡಿದು ಕೂರಿಸಿದ ಮರಿಗಳು ದೊಡ್ಡವಾದ ಮೇಲೆ ಪಟಾಕಿಗೂ ಗುಡುಗಿಗೂ ಮಂಚದ ಕೆಳಗೆ ಸೇರಿಕೊಂಡು ಒದ್ದಾಡುವುದನ್ನು ನಾನು ತುಂಬಾ ನೋಡಿದ್ದೇನೆ, ನೋಡೋಕೆ ಸಂಕಟ ಆಗುತ್ತದೆ.

ಇನ್ನೊಂದು ಮಾತು, ಇದು ಸದ್ದಿಗಿಂತ ಮುಖ್ಯ. ಮುಧೋಳ ನಾಯಿ ಕಣ್ಣಿಂದ ಬೇಟೆ ಆಡುವ ಜಾತಿ. ಮೂಗಿಗಿಂತ ಕಣ್ಣಿಗೆ ಬಿದ್ದದ್ದರ ಹಿಂದೆ ಓಡುವುದು ಜಾಸ್ತಿ. ಹಳಿ ಆಚೆ ಒಂದು ಮೊಲ ಎದ್ದರೆ ಸಾಕು, ನಿಮ್ಮ ಕೂಗು ಅದಕ್ಕೆ ಕೇಳಿಸುವುದೇ ಇಲ್ಲ. ಅದರ ತಲೆ ಕತ್ತಿಗಿಂತ ತುಂಬಾ ದಪ್ಪ ಇರುವುದಿಲ್ಲ, ಸಾಮಾನ್ಯ ಕಾಲರ್‌ನಿಂದ ಹಿಂದಕ್ಕೆ ಜಗ್ಗಿ ತಲೆ ಬಿಡಿಸಿಕೊಂಡು ಬಿಡುತ್ತದೆ. ಎದೆಗೆ ಹಾಕುವ ಹಾರ್ನೆಸ್ ತೆಗೆದುಕೊಳ್ಳಿ, ಹಗ್ಗದ ಇನ್ನೊಂದು ತುದಿ ಮರಕ್ಕೆ ಕಟ್ಟಿ. ಮೋತಿ ಬಿಟ್ಟಿದ್ದರೂ ಕೂರುತ್ತಿದ್ದ ಅಂತ ಚುಕ್ಕಿಯನ್ನು ಬಿಡಬೇಡಿ.

ಹಳೇ ಗಾರ್ಡ್ ಹುಬ್ಬಳ್ಳಿ:

ಬಸಣ್ಣ, ನಾನು ಗೂಡ್ಸ್ ಗಾರ್ಡ್ ಆಗಿ ನಿಮ್ಮ ಹೊಲದ ಮುಂದೆಯೇ ಬಹಳ ವರ್ಷ ಓಡಾಡಿದವನು, ಈಗ ನಿವೃತ್ತಿ. ನಿಮ್ಮ ಮೋತಿಯನ್ನು ನಾನೂ ನೋಡಿರಬಹುದು. ಆ ಲೈನಿನಲ್ಲಿ ಬದುವಿನ ಮೇಲೆ ಕೂರುವ ನಾಯಿಗಳು ನಮಗೆ ಗುರುತು ಸಿಗುತ್ತಿದ್ದವು. ಬ್ರೇಕ್ ವ್ಯಾನಿನಲ್ಲಿ, ಅಂದರೆ ನೀವು ಹೇಳಿದ ಗಾರ್ಡ್ ಡಬ್ಬಿಯಲ್ಲಿ, ನಾವು ಒಬ್ಬರೇ ಇರುತ್ತೇವೆ, ಫ್ಯಾನ್ ಇಲ್ಲ, ಲೈಟ್ ಇಲ್ಲದ ಕಾಲ ಅದು, ಮಾತಾಡೋಕೆ ಯಾರೂ ಇಲ್ಲ. ಬದುವಿನಿಂದ ಒಂದು ನಾಯಿ ಬೊಗಳಿದರೂ ಕೈ ಎತ್ತುತ್ತಿದ್ದೆ.

ಚುಕ್ಕಿಗೆ ಯಾವ ಗಾಡಿಯಿಂದ ಶುರು ಮಾಡಬೇಕು ಅಂತ ನಾನು ಹೇಳುತ್ತೇನೆ ಕೇಳಿ. ತುಂಬಿದ ಗಾಡಿಯಿಂದ ಶುರು ಮಾಡಿ, ಖಾಲಿಯಿಂದ ಬೇಡ. ಜನ ಉಲ್ಟಾ ತಿಳಿದಿರುತ್ತಾರೆ. ತುಂಬಿದ ಬಾಕ್ಸ್‌ಎನ್ ರೇಕ್, ಅಂದರೆ ಮೇಲೆ ತೆರೆದ ವ್ಯಾಗನ್ನುಗಳ ಇಡೀ ಗಾಡಿ, ಐದು ಸಾವಿರ ಟನ್‌ಗೂ ಜಾಸ್ತಿ ತೂಕ, ಅದು ನೆಲ ನಡುಗಿಸುತ್ತಾ ಗುಂ ಅಂತ ಒಂದೇ ಸಮ ಹೋಗುತ್ತದೆ. ಖಾಲಿ ವ್ಯಾಗನ್ನುಗಳೇ ಬಾಗಿಲು, ಸರಪಳಿ ಎಲ್ಲ ಬಡಿದುಕೊಂಡು ಗಲಾಟೆ ಮಾಡುವುದು. ನಡುವೆ ಎಲ್ಲೋ ಒಂದು ಚಕ್ರ ಸವೆದು ಚಪ್ಪಟೆ ಆಗಿದ್ದರೆ ಟಕ್ ಟಕ್ ಅಂತ ಹೊಡೆಯುವುದು ಬೇರೆ. ನಿಮ್ಮ ಕಡೆ ಹೊಸಪೇಟೆಗೆ ಹೋಗುವ ಕಲ್ಲಿದ್ದಲು ತುಂಬಿದ್ದು, ಹುಬ್ಬಳ್ಳಿ ಕಡೆ ಬರುವುದು ಖಾಲಿ. ಅದನ್ನು ನೋಡಿಕೊಳ್ಳಿ.

ಆಮೇಲೆ ಹಾರ್ನ್. ಹಳಿ ಪಕ್ಕ ಹಳದಿ ಫಲಕದ ಮೇಲೆ ಡಬ್ಲ್ಯೂ ಬಾರ್ ಎಲ್ ಅಂತ ಬರೆದಿರುತ್ತದೆ, ಹಿಂದಿಯಲ್ಲಿ ಸೀ ಬಾರ್ ಫಾ. ರಸ್ತೆ ಹಳಿ ದಾಟುವ ಗೇಟಿಗಿಂತ 600 ಮೀಟರ್ ಮೊದಲು ನೆಡುತ್ತಾರೆ. ಅಲ್ಲಿಂದ ಗೇಟ್ ದಾಟುವ ತನಕ ಹಾರ್ನ್ ಹೊಡೆಯಲೇಬೇಕು ಅಂತ ನಿಯಮ. ನಿಮ್ಮ ಬೇವಿನ ಮರ ಈ 600 ಮೀಟರ್ ಒಳಗೆ ಬಂದರೆ ಮರಿಗೆ ಆ ಜಾಗ ಬೇಡ, ಹೊಲದ ಬೇರೆ ಕಡೆ ನೋಡಿ. ಹೊರಗಿದ್ದರೆ ಚಿಂತೆ ಇಲ್ಲ.

ಬೀಳು ಜಾಗ ದಾಟಿ ಹಳಿ ಹತ್ತಿರ ಹೋಗಲೇಬೇಡಿ. ರೈಲ್ವೆ ಕಾಯ್ದೆ 147ನೇ ಸೆಕ್ಷನ್ ಪ್ರಕಾರ ಅದು ಅಪರಾಧ, ಆರು ತಿಂಗಳ ತನಕ ಜೈಲು ಇಲ್ಲಾ 1,000 ರೂಪಾಯಿ ತನಕ ದಂಡ, ಎರಡೂ ಆಗಬಹುದು. ಅದಕ್ಕಿಂತ ದೊಡ್ಡ ಮಾತು, ತುಂಬಿದ ಗಾಡಿಗೆ ಎಮರ್ಜೆನ್ಸಿ ಬ್ರೇಕ್ ಹಾಕಿದರೂ ನಿಲ್ಲೋಕೆ ಬಹಳ ದೂರ ಬೇಕು. ಎದುರಿಗೆ ಏನು ಬಂದರೂ ಲೋಕೋ ಪೈಲಟ್ ಕೈಯಲ್ಲಿ ಏನೂ ಇರುವುದಿಲ್ಲ, ಆಮೇಲೆ ತಿಂಗಳಾನುಗಟ್ಟಲೆ ಅವನಿಗೂ ನಿದ್ದೆ ಇರುವುದಿಲ್ಲ.

ನಾಯಿ ನೆನಪು ಅಂದಿರಿ, ಒಂದು ಹೇಳುತ್ತೇನೆ. ಜೋಡಿ ಹಳಿ ಆಗುವ ಮೊದಲು, ಎದುರು ಬರುವ ಗಾಡಿಗೆ ದಾರಿ ಬಿಡೋಕೆ ಅಂತ ನಮ್ಮನ್ನು ಸ್ಟೇಷನ್ನಿನ ಪಕ್ಕದ ಹಳಿಗೆ, ಲೂಪ್ ಲೈನಿಗೆ, ಹಾಕಿ ಗಂಟೆಗಟ್ಟಲೆ ನಿಲ್ಲಿಸುತ್ತಿದ್ದರು. ಒಂದು ಚಿಕ್ಕ ಸ್ಟೇಷನ್ನಿನಲ್ಲಿ ಕರಿ ಹೆಣ್ಣು ನಾಯಿ ಇತ್ತು. ಗಾಡಿ ನಿಂತ ಕೂಡಲೇ ಇಂಜಿನ್ ಕಡೆ ಹೋಗದೆ, ಅಷ್ಟೂ ಉದ್ದ ನಡೆದುಕೊಂಡು ಹಿಂದೆ ಬ್ರೇಕ್ ವ್ಯಾನ್ ಹತ್ತಿರ ಬರುತ್ತಿತ್ತು. 58 ವ್ಯಾಗನ್ ಅಂದರೆ 600 ಮೀಟರ್‌ಗೂ ಜಾಸ್ತಿ ಆಯಿತು. ನನ್ನ ಬುತ್ತಿಯಲ್ಲಿ ಒಂದು ಜೋಳದ ರೊಟ್ಟಿ ಅದರ ಪಾಲು ಅಂತಲೇ ಮನೆಯವಳು ಸೇರಿಸಿ ಕಟ್ಟುತ್ತಿದ್ದಳು. ಅದು ನನ್ನ ನಾಯಿ ಅಲ್ಲ, ಹೆಸರೂ ಇಟ್ಟಿರಲಿಲ್ಲ. ಆದರೆ ನಾನು ಸಾಕಿದ್ದು ಅಂದರೆ ಅದನ್ನೇ.

ಘಟ್ಟದ ಮಗಳು:

ನಾನು ಸಕಲೇಶಪುರದವಳು. ನಮ್ಮ ತೋಟದ ಕೆಳಗೇ ಮಂಗಳೂರು ಲೈನ್. ಅಲ್ಲಿ 1996ರಲ್ಲಿ ಮೀಟರ್ ಗೇಜ್ ಗಾಡಿ ನಿಲ್ಲಿಸಿದರು, ಬ್ರಾಡ್ ಗೇಜ್ ಆಗಿ ಗೂಡ್ಸ್ ಬಿಡೋಕೆ 2006 ಆಯಿತು, ಪ್ಯಾಸೆಂಜರ್ 2007ರ ಡಿಸೆಂಬರ್‌ನಲ್ಲಿ. ಆ ನಡುವೆ ನಮ್ಮ ಮನೆಗೆ ಬಂದು ದೊಡ್ಡದಾದ ನಾಯಿ ಬೂದ. ಅವನ ಪಾಲಿಗೆ ಅದು ರೈಲು ದಾರಿ ಅಲ್ಲವೇ ಅಲ್ಲ, ಮಳೆ ಬಿಟ್ಟ ಮೇಲೆ ಮೈ ಒಣಗಿಸಿಕೊಳ್ಳೋಕೆ, ಜಿಗಣೆ ಕಾಟ ಇಲ್ಲದೆ ಮಲಗೋಕೆ ಒಳ್ಳೆಯ ಜಾಗ. ಗೂಡ್ಸ್ ಶುರು ಆಗುತ್ತದೆ ಅಂತ ಸುದ್ದಿ ಬಂದ ದಿನವೇ ಅಪ್ಪ ಅವನಿಗೆ ಸರಪಳಿ ತಂದರು. ಮುದಿ ವಯಸ್ಸಿನಲ್ಲಿ ಕಟ್ಟಿಹಾಕಿದ್ದು ಅವನಿಗೆ ಬಹಳ ಬೇಜಾರಾಗಿತ್ತು. ಮೊದಲ ಗಾಡಿ ಬಂದಾಗ, ಮುಂದೆ ಇಂಜಿನ್, ಹಿಂದೆ ತಳ್ಳೋಕೆ ಬ್ಯಾಂಕರ್, ಐವತ್ತು ಮೀಟರ್‌ಗೆ ಒಂದು ಮೀಟರ್ ಎತ್ತರ ಹೋಗುವ ಏರಿನಲ್ಲಿ ಅಷ್ಟೂ ಇಂಜಿನ್ ಒಟ್ಟಿಗೆ ಕೂಗಿಕೊಂಡು ಹತ್ತುವಾಗ ನನಗೇ ಹೆದರಿಕೆ ಆಯಿತು. ಬೂದ ಎದ್ದು ನಿಂತು, ಬಾಲ ನೆಟ್ಟಗೆ ಮಾಡಿ, ಗಾಡಿ ಸುರಂಗದೊಳಗೆ ಹೋಗುವ ತನಕ ನೋಡಿದ. ಆಮೇಲೆ ಅವನನ್ನು ಬಿಚ್ಚಿದರೂ ಹಳಿ ಮೇಲೆ ಮಲಗಿದ್ದೇ ಇಲ್ಲ. ಆದರೂ ಅಪ್ಪ ಗಾಡಿ ಹೊತ್ತಿಗೆ ಕಟ್ಟುವುದನ್ನು ಬಿಡಲಿಲ್ಲ.

ಬೂದ ಆದ ಮೇಲೆ ಜೂಲಿ, ಜೂಲಿ ಆದ ಮೇಲೆ ಈಗ ಇರುವ ಪುಟ್ಟ. ಮೂರೂ ಬೇರೆ ಬೇರೆ. ಜೂಲಿಗೆ ರೈಲು ಅಂದರೆ ಆಗುತ್ತಿರಲಿಲ್ಲ, ಬ್ಯಾಂಕರ್ ಸದ್ದು ಕೇಳಿದರೆ ಅಡುಗೆಮನೆ ಒಲೆ ಪಕ್ಕ ಹೋಗಿ ಕೂರುತ್ತಿದ್ದಳು. ಅವಳನ್ನು ಬೂದನ ಜಾಗಕ್ಕೆ ಕರೆದುಕೊಂಡು ಹೋಗಬೇಕು ಅಂತ ನನಗೂ ಆಸೆ ಇತ್ತು, ಆದರೆ ಅವಳಿಗೆ ಇಷ್ಟವಿಲ್ಲ, ಅಷ್ಟೇ. ಪುಟ್ಟನಿಗೆ ಎರಡೂ ಒಂದೇ. ಬಸು ಅಣ್ಣ, ಮೋತಿಯ ಜಾಗ ಅಂತ ಚುಕ್ಕಿಗೆ ಗೊತ್ತಿರುವುದಿಲ್ಲ. ನಿಮಗೆ ಗೊತ್ತಿದೆ. ಮೊದಲ ಸಲ ಅವಳನ್ನು ಕರೆದುಕೊಂಡು ಹೋದಾಗ ನೀವು ಅತ್ತರೆ ಅಳಿ, ತಪ್ಪೇನೂ ಇಲ್ಲ. ಬೂದನ ಜಾಗದಲ್ಲಿ ಪುಟ್ಟ ಮೊದಲ ಸಲ ಕೂತಾಗ ನಾನು ಜೋರಾಗಿಯೇ ಅತ್ತಿದ್ದೆ, ಅವನು ಬಂದು ನನ್ನ ಮುಖ ನೆಕ್ಕಿದ.

ಉಣ್ಣಿ ಔಷಧಿ ಮರೆಯಬೇಡಿ. ಹಳಿ ಪಕ್ಕದ ಹುಲ್ಲಿನಲ್ಲಿ ಉಣ್ಣಿ ಜಾಸ್ತಿ, ಮರಿಗೆ ಉಣ್ಣಿ ಜ್ವರ ಬಂದರೆ ಉಳಿಸುವುದು ಕಷ್ಟ. ಮನೆಗೆ ಬಂದ ಕೂಡಲೇ ಕಿವಿ ಒಳಗೆ, ಬೆರಳ ಸಂದಿಯಲ್ಲಿ ನೋಡಿ.

ಪಡುಬಿದ್ರಿ ಪ್ರಕಾಶ:

ನಾನು ಸ್ವಲ್ಪ ಬೇರೆ ಮಾತು ಹೇಳುತ್ತೇನೆ, ಯಾರೂ ಬೇಜಾರು ಮಾಡಿಕೊಳ್ಳಬೇಡಿ. ರೈಲು ಹಳಿ ಹತ್ತಿರ ನಾಯಿಯನ್ನು ಕರೆದುಕೊಂಡು ಹೋಗುವುದೇ ನನಗೆ ಸರಿ ಕಾಣುವುದಿಲ್ಲ. ಅಲ್ಲಿ ಒಳ್ಳೆಯದಿದೆ ಅಂತ ಅದಕ್ಕೆ ಒಮ್ಮೆ ಅನಿಸಿದರೆ ನೀವಿಲ್ಲದಾಗಲೂ ಒಂದೇ ಹೋಗುತ್ತದೆ. ನಮ್ಮ ಪಕ್ಕದ ಮನೆಯ ನಾಯಿ ರಾಜು ಹಾಗೇ ಹೋದದ್ದು. ಮನೆಯವರೆಲ್ಲ ಮದುವೆಗೆ ಹೋಗಿದ್ದ ದಿನ ಹಗ್ಗ ಕಡಿದುಕೊಂಡು, ಸಂಜೆ ಹೊತ್ತಿಗೆ ಸರಿಯಾಗಿ ಹಳಿ ಹತ್ತಿರ ಹೋಗಿತ್ತು. ನಾನೇ ಎತ್ತಿಕೊಂಡು ಬಂದೆ. ಇವತ್ತಿಗೂ ಅದನ್ನು ಬರೆಯುವಾಗ ಕೈ ನಡುಗುತ್ತದೆ.

ಹಾಗಂತ ರೈಲು ತೋರಿಸಬೇಡಿ ಅನ್ನುತ್ತಿಲ್ಲ. ನಮ್ಮ ಕೊಂಕಣ ರೈಲ್ವೆಯಲ್ಲಿ ರೋ ರೋ ಗಾಡಿ ಇದೆ, 1999ರಿಂದ ಓಡುತ್ತಿದೆ. ಸುರತ್ಕಲ್‌ನಲ್ಲಿ ಲಾರಿಗಳನ್ನು ಡ್ರೈವರ್ ಸಮೇತ ಚಪ್ಪಟೆ ವ್ಯಾಗನ್ ಮೇಲೆ ಹತ್ತಿಸಿ ಮಹಾರಾಷ್ಟ್ರದ ಕೋಲಾಡ್ ತನಕ ಕೊಂಡೊಯ್ಯುತ್ತಾರೆ. ನನ್ನ ಟೈಗರ್‌ಗೆ ಅದು ಅಂದರೆ ಪ್ರಾಣ. ನಮ್ಮ ಮನೆ ಟೆರೇಸ್‌ನಿಂದ ದೂರದಲ್ಲಿ ಕಾಣುತ್ತದೆ. ಕಲ್ಲಿದ್ದಲ ಗಾಡಿ ಹೋದರೆ ಸುಮ್ಮನಿರುತ್ತಾನೆ, ಲಾರಿಗಳು ಹಳಿ ಮೇಲೆ ಹೋಗುವುದು ಕಂಡರೆ ಗೋಡೆ ಉದ್ದಕ್ಕೂ ಓಡುತ್ತಾ ಬೊಗಳುತ್ತಾನೆ. ಒಮ್ಮೊಮ್ಮೆ ಲಾರಿ ಒಳಗಿಂದ ಡ್ರೈವರ್ ಕೈ ಬೀಸುವುದೂ ಕಾಣುತ್ತದೆ. ಮನೆಯಿಂದಲೇ ಕಾಣುವ ಹಾಗಿದ್ದರೆ ಮಾಳಿಗೆಯಿಂದ ತೋರಿಸಿ ಬಸು.

ಶ್ವಾನಪ್ರಿಯೆ, ಮೈಸೂರು:

ಪ್ರಕಾಶ್ ಅವರು ಹೇಳಿದ್ದು ಸರಿಯಾದ ಭಯ. ಅದಕ್ಕೇ ತಿಂಡಿಯನ್ನು ಯಾವಾಗಲೂ ಹಳಿಗೆ ಬೆನ್ನು ಹಾಕಿ, ಹೊಲದ ಕಡೆಯಿಂದ ಕೊಡಿ. ಗಾಡಿ ಸದ್ದು ಕೇಳಿದರೆ ಮರಿ ನಿಮ್ಮ ಕಡೆ ತಿರುಗಬೇಕು, ಹಳಿ ಕಡೆ ಓಡಬಾರದು. ಹೊಲದ ಮನೆಯಲ್ಲಿ ರಾತ್ರಿ ಬಿಡುವುದಾದರೆ ಒಳಗೆ ಕೂಡಿಹಾಕಿ, ಹೊರಗೆ ಹಗ್ಗದಲ್ಲಿ ಕಟ್ಟಿ ಮಲಗಬೇಡಿ. ಮುಧೋಳ ಹಲ್ಲಿಗೆ ನೂಲಿನ ಹಗ್ಗ ಯಾವ ಲೆಕ್ಕ.

ಕೊಪ್ಪಳದ ಬಸು:

ಎಲ್ಲರಿಗೂ ತುಂಬಾ ಧನ್ಯವಾದ. ಪ್ರಕಾಶಣ್ಣ, ರಾಜು ಕಥೆ ಓದಿ ಮನೆಯಲ್ಲಿ ಅವ್ವನಿಗೂ ಹೇಳಿದೆ, ಅವಳೇ ಈಗ ಚುಕ್ಕಿಯನ್ನು ಒಬ್ಬಳೇ ಹೊಲಕ್ಕೆ ಬಿಡಬಾರದು ಅಂತ ಕಟ್ಟಪ್ಪಣೆ ಮಾಡಿದ್ದಾಳೆ. ಗಾರ್ಡ್ ಕಾಕಾ, ನೀವು ಹೇಳಿದ ಫಲಕ ನೋಡಿ ಬಂದೆ. ನಮ್ಮ ಮರ ಗೇಟಿನಿಂದ ಬಹಳ ದೂರ, ಹಾರ್ನ್ ತೊಂದರೆ ಇಲ್ಲ.

ಇವತ್ತು ಹೊಲದ ಈ ಕಡೆ ತುದಿಯಿಂದ ಒಂದು ಕಲ್ಲಿದ್ದಲ ಗಾಡಿ ತೋರಿಸಿದೆ. ಹಾರ್ನೆಸ್ ಹಾಕಿ, ಹಗ್ಗ ಪಂಪ್‌ಸೆಟ್ ಮನೆಯ ಕಂಬಕ್ಕೆ ಕಟ್ಟಿದ್ದೆ. ಮೊಟ್ಟೆ ತಿಂದಳು. ಅರ್ಧ ಗಾಡಿ ಹೋಗುವ ತನಕ ನೋಡಿ, ಆಮೇಲೆ ಇರುವೆ ಸಾಲು ಕಂಡು ಅದನ್ನು ಮೂಸೋಕೆ ಹೋದಳು. ಮೋತಿ ಹಾಗೆ ಮಾಡುತ್ತಲೇ ಇರಲಿಲ್ಲ. ಸಕಲೇಶಪುರದ ಅಕ್ಕ ಹೇಳಿದ ಹಾಗೆ, ಇವಳೇ ಬೇರೆ.

ಕಾಕಾ, ಒಂದು ಕೇಳಬೇಕಿತ್ತು. ಮೋತಿ ಗೂಡ್ಸ್ ಬರುವುದನ್ನು ನನಗಿಂತ ಎಷ್ಟೋ ಮೊದಲೇ ತಿಳಿದು ಎದ್ದು ಕೂರುತ್ತಿದ್ದ, ಇಂಜಿನ್ ಇನ್ನೂ ಕಾಣದೇ ಇದ್ದಾಗ. ಎಕ್ಸ್‌ಪ್ರೆಸ್‌ಗೆ ಏಳುತ್ತಿರಲಿಲ್ಲ. ಅವನಿಗೆ ಹೇಗೆ ಗೊತ್ತಾಗುತ್ತಿತ್ತು?

ಹಳೇ ಗಾರ್ಡ್ ಹುಬ್ಬಳ್ಳಿ:

ನಾಯಿ ಕಿವಿ ಬಗ್ಗೆ ಮೈಸೂರಿನ ತಂಗಿ ಹೇಳಬೇಕು, ಹಳಿ ಬಗ್ಗೆ ನಾನು ಹೇಳುತ್ತೇನೆ. ಗಾಡಿ ದೂರ ಇರುವಾಗಲೇ ಹಳಿಯಲ್ಲಿ ಒಂದು ಸಣ್ಣ ಸದ್ದು ಓಡಿ ಬರುತ್ತದೆ, ಉಕ್ಕಿನಲ್ಲಿ ಸದ್ದು ಗಾಳಿಗಿಂತ ಎಷ್ಟೋ ಪಟ್ಟು ಬೇಗ ಓಡುತ್ತದೆ. ನಮ್ಮ ಗ್ಯಾಂಗ್‌ಮನ್‌ಗಳಿಗೂ ಅದು ಗೊತ್ತಾಗುತ್ತಿತ್ತು. ಎಕ್ಸ್‌ಪ್ರೆಸ್ಸಿಗೂ ಗೂಡ್ಸಿಗೂ ಆ ಸದ್ದು ಬೇರೆ. ಭಾರದ ಗಾಡಿ ಬಂದರೆ ನೆಲವೂ ನಡುಗುತ್ತದೆ, ಹೊಟ್ಟೆ ನೆಲಕ್ಕೆ ತಾಗಿಸಿ ಮಲಗಿದ ನಾಯಿಗೆ ಅದು ನಮಗಿಂತ ಚೆನ್ನಾಗಿ ತಿಳಿಯುತ್ತದೆ ಅಂತ ನನ್ನ ನಂಬಿಕೆ. ಚುಕ್ಕಿ ಇನ್ನೂ ಮರಿ, ಬೆಳೆಯಲಿ, ಅವಳೂ ಕಲಿಯಬಹುದು. ಕಲಿಯದೆ ಇರುವೆ ನೋಡಿದರೂ ನೋಡಲಿ. ಒಂದು ಫೋಟೋ ಹಾಕಿ ಬಸಣ್ಣ, ಮೋತಿಯದೂ ಇದ್ದರೆ ಹಾಕಿ, ನಾನು ಕೈ ಎತ್ತಿದ ನಾಯಿ ಅದೇನಾ ಅಂತ ನೋಡುತ್ತೇನೆ.