ರೋಮಿನ ‘ಡಿಕ್ಟೇಟರ್’ನನ್ನು ಸರ್ವಾಧಿಕಾರಿ ಅನ್ನಬಹುದೇ?

ಗೆಳೆಯರೇ,

ಹೈಸ್ಕೂಲು ಮಕ್ಕಳಿಗಾಗಿ ರೋಮಿನ ಇತಿಹಾಸ ಬರೆಯುತ್ತಿದ್ದೇನೆ. ‘ಡಿಕ್ಟೇಟರ್’ ಅನ್ನುವ ಪದ ಕಾಡುತ್ತಿದೆ. ನಿಘಂಟುಗಳು ಸರ್ವಾಧಿಕಾರಿ, ನಿರಂಕುಶ ಪ್ರಭು ಅನ್ನುತ್ತವೆ. ಎರಡನ್ನೂ ಓದಿದ ಕೂಡಲೇ ಹಿಟ್ಲರ್, ಮುಸೊಲಿನಿ ನೆನಪಾಗುತ್ತಾರೆ, ಅಲ್ವಾ? ರೋಮಿನ ಹಳೇ ಡಿಕ್ಟೇಟರ್ ಆ ಪೈಕಿಯವನಲ್ಲ.

ಗಣರಾಜ್ಯದ ಕಾಲದಲ್ಲಿ ಅದು ಕಾನೂನಿನ ಪ್ರಕಾರವೇ ಇದ್ದ ಹುದ್ದೆ. ಹಿರಿಯರ ಸಭೆಯಾದ ಸೆನೆಟ್ ಹೇಳಿದ ಮೇಲೆ, ವರ್ಷಕ್ಕಿಬ್ಬರಂತೆ ಆಳುತ್ತಿದ್ದ ಕಾನ್ಸಲ್‌ಗಳಲ್ಲೊಬ್ಬ ಡಿಕ್ಟೇಟರ್‌ನನ್ನು ನೇಮಿಸುತ್ತಿದ್ದ. ಅವಧಿ ಹೆಚ್ಚೆಂದರೆ 6 ತಿಂಗಳು. ಕೆಲಸ ಮುಗಿದರೆ ಮೊದಲೇ ಇಳಿಯುತ್ತಿದ್ದರು. ಕ್ರಿ.ಪೂ. 458ರಲ್ಲಿ ಹೊಲ ಉಳುತ್ತಿದ್ದ ಸಿನ್ಸಿನಾಟಸ್‌ನನ್ನು ಕರೆತಂದರಂತೆ. ಅವನು ಯುದ್ಧ ಗೆದ್ದು 16ನೇ ದಿನಕ್ಕೇ ಅಧಿಕಾರ ಬಿಟ್ಟ ಅಂತ ರೋಮಿನ ಇತಿಹಾಸಕಾರ ಲಿವಿ ಬರೆಯುತ್ತಾನೆ. ಕೆಲವರನ್ನು ಸುಮ್ನೆ ಚುನಾವಣೆ ನಡೆಸಲು ನೇಮಿಸಿದ್ದೂ ಉಂಟು. ಕ್ರಿ.ಪೂ. 363ರಲ್ಲಂತೂ, ಪಿಡುಗು ತಗ್ಗಲಿ ಅಂತ ಜ್ಯುಪಿಟರ್ ದೇವರ ಗುಡಿಯಲ್ಲಿ ಶಾಸ್ತ್ರಕ್ಕೆ ಮೊಳೆ ಹೊಡೆಯಲಿಕ್ಕೇ ಒಬ್ಬ ಡಿಕ್ಟೇಟರ್! ಅವನನ್ನು ನಿರಂಕುಶ ಪ್ರಭು ಅಂದರೆ ಮಕ್ಕಳು ನಕ್ಕಾರು.

ಹೆಸರು ಕೆಟ್ಟದ್ದು ಆಮೇಲೆ. ಕ್ರಿ.ಪೂ. 82ರಲ್ಲಿ ಸುಲ್ಲಾ ಎಂಬ ಸೇನಾಪತಿ ಅವಧಿಯ ಮಿತಿಯೇ ಇಲ್ಲದೆ ಆ ಹುದ್ದೆಗೇರಿದ. ಕ್ರಿ.ಪೂ. 44ರಲ್ಲಿ ಸೀಸರ್ ಜೀವನಪೂರ್ತಿ ಡಿಕ್ಟೇಟರ್ ಆದ, ಮಾರ್ಚ್ 15ರಂದು ಕೊಲೆಯಾದ. ಬಳಿಕ ಆಗ ಕಾನ್ಸಲ್ ಆಗಿದ್ದ ಮಾರ್ಕ್ ಆಂಟನಿ ಆ ಹುದ್ದೆಯನ್ನೇ ರದ್ದು ಮಾಡಿಸಿದ.

ತಮಾಷೆ ಅಂದರೆ, ನಮ್ಮ ಸರ್ವಾಧಿಕಾರಿಯೂ ಮೊದಲು ಬೈಗುಳವಾಗಿರಲಿಲ್ಲ. ಹೊಯ್ಸಳರ ಶಾಸನಗಳಲ್ಲಿ ‘ಮಹಾಪ್ರಧಾನ, ಸರ್ವಾಧಿಕಾರಿ’ ಅಂತ ದೊಡ್ಡ ಮಂತ್ರಿಗಳನ್ನು ಗೌರವದಿಂದಲೇ ಕರೆದಿದೆ. ರಾಜನ ಕೈಕೆಳಗಿನ ಹುದ್ದೆ ಅದು. ಆದರೆ ಆ ಅರ್ಥ ಇವತ್ತಿನ ಮಕ್ಕಳಿಗೆ ಮುಟ್ಟುವುದಿಲ್ಲ ಅನಿಸುತ್ತದೆ. ‘ಆಪತ್ಕಾಲದ ಅಧಿಕಾರಿ’ ಅನ್ನೋಣ ಅಂದರೆ ಚುನಾವಣೆಯವನಿಗೆ ಅದು ಒಗ್ಗುವುದಿಲ್ಲ. ಹಾಗಾಗಿ ಸುಲ್ಲಾನಿಗಿಂತ ಮುಂಚಿನವರಿಗೆ ಡಿಕ್ಟೇಟರ್ ಅಂತಲೇ ಉಳಿಸಿ, ಸುಲ್ಲಾ ಮತ್ತು ಸೀಸರ್‌ಗೆ ಮಾತ್ರ ಸರ್ವಾಧಿಕಾರಿ ಬಳಸುವ ಯೋಚನೆಯಿದೆ. ಒಂದೇ ಹುದ್ದೆಗೆ ಎರಡು ಹೆಸರು ಗೊಂದಲವಾದೀತೇ?

ಇನ್ನೊಂದು ಪ್ರಶ್ನೆ. ಡಿಕ್ಟೇಟರ್ ತನಗೊಬ್ಬ ಸಹಾಯಕನನ್ನು ನೇಮಿಸಿಕೊಳ್ಳುತ್ತಿದ್ದ. ಅವನ ಹುದ್ದೆಯ ಹೆಸರು ಮ್ಯಾಜಿಸ್ಟರ್ ಈಕ್ವಿಟಮ್, ಅಂದರೆ ಕುದುರೆ ಪಡೆಯ ಒಡೆಯ. (ಹಳೆ ಕಟ್ಟಳೆಯಂತೆ ಸ್ವತಃ ಡಿಕ್ಟೇಟರ್ ಅಪ್ಪಣೆಯಿಲ್ಲದೆ ಕುದುರೆ ಹತ್ತುವಂತಿರಲಿಲ್ಲ!) ಇವನಿಗೆ ಹಳೆಗನ್ನಡದ ‘ಸಾಹಣಿ’ (ಕುದುರೆ, ಲಾಯಗಳ ಅಧಿಕಾರಿ) ಹೊಂದುತ್ತದೆಯೇ? ಇಲ್ಲ, ‘ರಾವುತರ ನಾಯಕ’ ಸಾಕೇ? ಶಾಸನ ಓದಿಕೊಂಡವರು ದಯವಿಟ್ಟು ತಿಳಿಸಿ.